ನಿಶ್ಶಬ್ದವನ್ನರಸಿ ನೆಲದಡಿಗೆ

ನೀರಿಗಾಗಿ ನಮ್ಮ ಹಿರಿಯರು ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನಿರ್ಮಿಸಿದ ವಿಟ್ಲಸೀಮೆಯ ಸುರಂಗಗಳನ್ನು ಹೊಕ್ಕವರಿಗೆ, ಹೊರಗಿನ ಬಿಸಿಲೂ ಸದ್ದೂ ಹತ್ತಾರು ಹೆಜ್ಜೆಗಳಲ್ಲಿಯೇ ಅಡಗುವುದು ಅನುಭವವೇದ್ಯವಾದ ಸಂಗತಿ. ಆದರೆ ಆ ಕತ್ತಲೆಯಲ್ಲಿಯೂ, ಅಂತರಿಕ್ಷದ ವಿಶ್ವಕಿರಣಗಳು ವಾಯುಮಂಡಲವನ್ನು ತಾಡಿಸಿದಾಗ ಜನಿಸುವ ಮ್ಯೂಆನ್ ಕಣಗಳು ಕಲ್ಲನ್ನು ಭೇದಿಸಿ ನಮ್ಮ ದೇಹವನ್ನು ಹಾಯ್ದುಹೋಗುತ್ತಲೇ ಇರುತ್ತವೆ. ಬಯಲಿನಲ್ಲಿ ಚಾಚಿದ ಅಂಗೈಯನ್ನಂತೂ ಅವು ಸುಮಾರು ಸೆಕೆಂಡಿಗೊಂದರಂತೆ ದಾಟುವುವು. ಇವು ಎಷ್ಟು ಆಳಕ್ಕೆ ಇಳಿಯಬಲ್ಲುವೆಂಬ ಪ್ರಶ್ನೆಯನ್ನು ಬೆನ್ನಟ್ಟಿ ತಾವೂ ಪಾತಾಳಕ್ಕಿಳಿದ ಪ್ರಯೋಗಶೀಲ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್.

1925ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಅವರು, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ, 1951ರಿಂದ ಕೋಲಾರದ ಚಿನ್ನದ ಗಣಿಯಲ್ಲಿ ಬೇರೆಬೇರೆ ಆಳಗಳಲ್ಲಿ ಉಪಕರಣಗಳನ್ನಿಟ್ಟು ಕಣಗಳನ್ನೆಣಿಸತೊಡಗಿದರು. ಬಂಡೆಯೇ ಬೇಯುವಂತಿರುವ ಆ ಸೆಕೆಯಲ್ಲಿ, ಸೂಕ್ಷ್ಮವಾದ ವಿದ್ಯುದುಪಕರಣಗಳನ್ನು ಕೆಡದಂತೆ ಕಾಪಾಡುವುದೇ ಒಂದು ತಪಸ್ಸು. ಮುಂದೆ, ನಮ್ಮ ಮಂಗಳೂರಿನಲ್ಲಿಯೇ ಜನಿಸಿದ ಎಂ. ಜಿ. ಕೆ. ಮೆನನ್, ರಮಣಮೂರ್ತಿ, ಜಪಾನಿನ ಮಿಯಾಕೆ ಇವರೊಡನೆ ಇನ್ನೂ ಕೆಳಗಿಳಿದು, ಎರಡೂವರೆ ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಸುಮಾರು ಎರಡು ತಿಂಗಳು ಕಾದಾಗ ದೊರೆತ ಎಣಿಕೆ ಶೂನ್ಯ! ಅನ್ಯರಿಗೆ ವಿಫಲತೆಯೆಂದು ತೋರಬಹುದಾಗಿದ್ದ ಈ ಶೂನ್ಯವೇ, ನನ್ನ ಮಟ್ಟಿಗೆ, ಅವರ ಜೀವಿತದ ಪರಮಶೋಧ. ಏಕೆಂದರೆ ಮ್ಯೂಆನುಗಳ ಗದ್ದಲವೆಲ್ಲ ಅಡಗಿದ ಸ್ಥಳದಲ್ಲಿ ಮಾತ್ರವೇ ನ್ಯೂಟ್ರಿನೋ ಎಂಬ ಅತಿಸಂಕೋಚಶೀಲ ಕಣದ ಪಿಸುಮಾತು ಕೇಳಿಸೀತು.

ಭೂಮಂಡಲವನ್ನೇ ನಿರಾತಂಕವಾಗಿ ಹಾಯ್ದುಹೋಗುವ ನ್ಯೂಟ್ರಿನೋ ಅಪರೂಪಕ್ಕೊಮ್ಮೆ ಬಂಡೆಯ ಪರಮಾಣುವನ್ನು ತಾಗಿ ಮ್ಯೂಆನನ್ನು ಹುಟ್ಟಿಸುತ್ತದೆ. ಆಕಾಶದಿಂದ ನೇರ ಬಂದ ಮ್ಯೂಆನು ಅಂಥ ಆಳಕ್ಕೆ ತಲುಪಿದರೂ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೇ ಬೀಳಬೇಕಾದುದರಿಂದ, ಅಡ್ಡಲಾಗಿ ಮೂಡಿದ ಜಾಡು ನ್ಯೂಟ್ರಿನೋವಿನ ಹೆಜ್ಜೆಗುರುತೇ ಸರಿ. ಆದಕಾರಣ 2.3 ಕಿಲೋಮೀಟರು ಆಳದಲ್ಲಿ ಶೋಧಕಗಳನ್ನು ಗೋಡೆಗಳಂತೆ ಲಂಬವಾಗಿ ನಿಲ್ಲಿಸಿದರು. 1965ರಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ಗಳ ವಿಜ್ಞಾನಿಗಳ ಸಹಯೋಗದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಜಾಡು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಫ್ರೆಡ್ರಿಕ್ ರೈನ್ಸರ ತಂಡವೂ ಅದನ್ನು ಕಂಡಿತು. ಜಗತ್ತಿನಲ್ಲಿ ಅದುವರೆಗೆ ಮತ್ತಾರೂ ಕಂಡಿರಲಿಲ್ಲ.

ಶ್ರೀಕಂಠನ್ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದು, 2019ರಲ್ಲಿ ನಿಧನರಾದರು. ಗಣಿಯಾದರೋ 2001ರಲ್ಲಿಯೇ ಮುಚ್ಚಿತ್ತು. ನಾವು ನೀರಿಗಾಗಿ ಸುರಂಗ ಕೊರೆದೆವು. ಅವರು ನಿಶ್ಶಬ್ದಕ್ಕಾಗಿ ಹೊಕ್ಕ ಸುರಂಗಗಳಲ್ಲಿ ಈಗ ನೀರು ತುಂಬಿಕೊಂಡಿದೆ.