ಶೆಲ್ಲಿನ ಕಟ್ಟಳೆಗಳು

ಗಣಕಯಂತ್ರದೊಡನೆ ವ್ಯವಹರಿಸುವುದೆಂದರೆ ಚಿತ್ರಗಳನ್ನು ಒತ್ತುವುದು, ಗಾಜಿನ ಮೇಲೆ ಬೆರಳಾಡಿಸುವುದು ಎಂದು ನಂಬಿರುವ ಈ ಕಾಲದಲ್ಲಿಯೂ, ಲೋಕದ ಬಹುಭಾಗದ ಸರ್ವರುಗಳು ತಮ್ಮ ದಿನಚರಿಯನ್ನು ನಡೆಸುವುದು ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳ ಆಧಾರದಿಂದಲೇ ಎಂಬುದು ಅನೇಕರಿಗೆ ತಿಳಿಯದು. ನಾವು ಬೆರಳಚ್ಚು ಮಾಡಿದ ಸಾಲನ್ನು ಓದಿ, ಅದನ್ನು ಪದಗಳಾಗಿ ಬಿಡಿಸಿ, ಯಾವ ಕೆಲಸವನ್ನು ಯಾವ ಕಡತದ ಮೇಲೆ ಮಾಡತಕ್ಕದ್ದೆಂದು ನಿರ್ಣಯಿಸಿ ಯಂತ್ರಕ್ಕೆ ಒಪ್ಪಿಸುವ ಮಧ್ಯವರ್ತಿಗೆ ಶೆಲ್ ಎಂದು ಹೆಸರು. ಅಂತಹ ಆಜ್ಞೆಗಳನ್ನು ಕ್ರಮವಾಗಿ ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್.

ದೊಡ್ಡಬಳ್ಳಾಪುರದ ರೇಷ್ಮೆ ಮಗ್ಗಗಳನ್ನು ಕಂಡವರಿಗೆ ಇದರ ತತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಸೀರೆಯ ಅಂಚಿಗೂ ಸೆರಗಿಗೂ ಚಿತ್ತಾರವನ್ನು ಕೂಡಿಸುವ ಜಕಾರ್ಡಿನಲ್ಲಿ ತೂತು ಕೊರೆದ ರಟ್ಟುಗಳ ಮಾಲೆಯೊಂದು ತಿರುಗುತ್ತಿರುತ್ತದೆ. ತೂತಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಏಳದು. ರಟ್ಟು ಕೊರೆಯುವಾಗ ಆದ ಪ್ರಮಾದವನ್ನೂ ಮಗ್ಗವು ಅಷ್ಟೇ ನಿಷ್ಠೆಯಿಂದ ನೇಯ್ದುಬಿಡುವುದು. ಶೆಲ್ಲಿನ ವಿಧೇಯತೆ ಈ ಜಾತಿಯದು. ಆದರೆ ರಟ್ಟಿನ ತೂತಿಗೆ ಒಂದೇ ಅರ್ಥ; ಶೆಲ್ಲಿನ ಚಿಹ್ನೆಗಳಿಗಾದರೋ ಐವತ್ತು ವರ್ಷಗಳ ಹಳೆಯ ಒಪ್ಪಂದಗಳು ಒಂದರ ಮೇಲೊಂದು ಅಂಟಿಕೊಂಡಿವೆ.

ಯುನಿಕ್ಸ್ ವ್ಯವಸ್ಥೆಯ ಮೊದಲ ಶೆಲ್ 1971ರಲ್ಲಿ ಕೆನ್ ಥಾಂಪ್ಸನ್ ಬರೆದದ್ದು. 1979ರಲ್ಲಿ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ ಅದರ ಸ್ಥಾನವನ್ನು ಪಡೆದು, ಇಂದಿಗೂ ನಾವು ಬರೆಯುವ ಸ್ಕ್ರಿಪ್ಟುಗಳ ವ್ಯಾಕರಣಕ್ಕೆ ಮೂಲವಾಯಿತು. ಬಿಲ್ ಜಾಯ್ ಅವರ ಸಿ ಶೆಲ್, ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್, 1989ರಲ್ಲಿ ಬ್ರಯನ್ ಫಾಕ್ಸ್ ಹೊರತಂದ ಬ್ಯಾಶ್, ಮರುವರ್ಷ ಬಂದ ಝಡ್ ಶೆಲ್, ಹೀಗೆ ಸಂತತಿ ಬೆಳೆಯಿತು. ನಮ್ಮ ನಾಡಿನಲ್ಲಿ ಈ ವಿದ್ಯೆ ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟುಕಿದ್ದು ಬಹುಮಟ್ಟಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದ ಮೂಲಕ. ಅದರ ಗಣಕ ವಿಭಾಗದಲ್ಲಿ ನಾಲ್ಕನೆಯ ಸೆಮಿಸ್ಟರಿಗೆ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಎಂಬ ವಿಷಯವಿದ್ದ ವರ್ಷಗಳಲ್ಲಿ ದೊಡ್ಡಬಳ್ಳಾಪುರದ ಆರ್. ಎಲ್. ಜಾಲಪ್ಪ ತಾಂತ್ರಿಕ ಮಹಾವಿದ್ಯಾಲಯದಂತಹ ಸಂಯೋಜಿತ ಕಾಲೇಜುಗಳಿಗೆಲ್ಲ ಅದೇ ಪಠ್ಯ. ಪುಸ್ತಕದಲ್ಲಿ ಕಲಿತ ಶೆಲ್ಲಿಗೂ ಉದ್ಯೋಗದಲ್ಲಿ ಎದುರಾಗುವ ಶೆಲ್ಲಿಗೂ ಅಂತರವಿದೆಯೆಂಬುದು ವಿದ್ಯಾರ್ಥಿಗೆ ಅರಿವಾಗುವುದು ತಡವಾಗಿಯೇ.

ಮೊದಲನೆಯ ಕಂಟಕವು ಖಾಲಿ ಜಾಗ. ಶೆಲ್ಲಿನ ದೃಷ್ಟಿಯಲ್ಲಿ ಎರಡು ಪದಗಳ ನಡುವಿನ ಬರಿದಾದ ಎಡೆಯೇ ಅವುಗಳನ್ನು ಬೇರ್ಪಡಿಸುವ ಗಡಿ. ಕಡತವೊಂದಕ್ಕೆ ‘ಸೀರೆ ಲೆಕ್ಕ’ ಎಂದು ಹೆಸರಿಟ್ಟು, ಆ ಹೆಸರನ್ನು ಒಂದು ಚರದಲ್ಲಿ, ಎಂದರೆ ಬೆಲೆಯೊಂದನ್ನು ಹಿಡಿದಿಡುವ ಗುರುತಿನಲ್ಲಿ, ಇರಿಸಿ, ಉದ್ಧರಣ ಚಿಹ್ನೆಗಳಿಲ್ಲದೆ ಅಳಿಸುವ ಆಜ್ಞೆಗೆ ಕೊಟ್ಟರೆ, ಶೆಲ್ ‘ಸೀರೆ’ ಎಂಬುದೊಂದು, ‘ಲೆಕ್ಕ’ ಎಂಬುದೊಂದು, ಹೀಗೆ ಎರಡು ಕಡತಗಳನ್ನು ಹುಡುಕಿ ಹೊರಡುವುದು. ಆ ಹೆಸರಿನವು ಇದ್ದರೆ ಅಳಿಸಿಯೂ ಬಿಡುವುದು. ಲಿನಕ್ಸಿನಲ್ಲಿ ಗ್ರಾಫಿಕ್ಸ್ ಸಾಧನಗಳನ್ನು ನಿರ್ವಹಿಸುವ ಬಂಬಲ್‌ಬೀ ಎಂಬ ತಂತ್ರಾಂಶದ ಅನುಸ್ಥಾಪನಾ ಸ್ಕ್ರಿಪ್ಟಿನಲ್ಲಿ 2011ರಲ್ಲಿ ಹೀಗೆಯೇ ಒಂದು ಅನವಶ್ಯಕ ಖಾಲಿ ಜಾಗ ನುಸುಳಿತು. ಒಂದು ಚಿಕ್ಕ ಉಪಕೋಶವನ್ನು ಅಳಿಸಬೇಕಾದ ಸಾಲು, ಆ ಎಡೆಯಿಂದಾಗಿ ಎರಡಾಗಿ ಸೀಳಿ, ಯಂತ್ರದ ಬಹುಪಾಲು ತಂತ್ರಾಂಶಗಳು ನೆಲೆಸಿರುವ ‘ಯುಎಸ್‌ಆರ್’ ಕೋಶವನ್ನೇ ಅಳಿಸತೊಡಗಿತು.

ಖಾಲಿ ಚರದ ಕಥೆ ಇದಕ್ಕಿಂತ ಘೋರ. ಬೆಲೆಯೇ ಇಲ್ಲದ ಚರವನ್ನು ಕಂಡಾಗ ಶೆಲ್ ದೂರುವುದಿಲ್ಲ, ತಡೆಯುವುದಿಲ್ಲ. ಅಲ್ಲಿ ಏನೂ ಇಲ್ಲವೆಂದು ಭಾವಿಸಿ ಮುಂದೆ ಸಾಗುವುದು. ಲಿನಕ್ಸಿಗಾಗಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದಲ್ಲಿ 2015ರ ಜನವರಿಯಲ್ಲಿ ಬೆಳಕಿಗೆ ಬಂದ ದೋಷವು ಇದೇ. ಸ್ಟೀಮಿನ ಮೂಲಕೋಶದ ಹೆಸರು ಚರದಲ್ಲಿರತಕ್ಕದ್ದು, ಆ ಕೋಶದೊಳಗಿನದೆಲ್ಲವನ್ನೂ ಅಳಿಸತಕ್ಕದ್ದು ಎಂಬುದು ಆ ಸಾಲಿನ ಅಭಿಪ್ರಾಯ. ಕೆಲವು ಸಂದರ್ಭಗಳಲ್ಲಿ ಚರವು ಬರಿದಾಗಿ, ಉಳಿದದ್ದು ಒಂದು ಓರೆಗೆರೆ ಮತ್ತು ಒಂದು ನಕ್ಷತ್ರ ಮಾತ್ರ. ಯಂತ್ರದ ಬುಡದಿಂದ ಆರಂಭಿಸಿ ಎಲ್ಲವನ್ನೂ ಅಳಿಸು ಎಂದು ಅದರ ಅರ್ಥ. ಆ ಸಾಲಿನ ಬಳಿ, ಇದು ಭಯಂಕರವೆಂಬ ಭಾವದ ಟಿಪ್ಪಣಿಯನ್ನು ಬರೆದವರೇ ಸೇರಿಸಿದ್ದರು. ಟಿಪ್ಪಣಿಯನ್ನು ಓದುವುದು ಶೆಲ್ಲಿನ ಕರ್ತವ್ಯವಲ್ಲವಷ್ಟೆ.

ಇನ್ನೊಂದು ದೋಷ ಇಷ್ಟು ಸದ್ದು ಮಾಡದು. ಆದುದರಿಂದಲೇ ಲೆಕ್ಕ ಬರೆಯುವವರಿಗೆ ಹೆಚ್ಚು ಅಪಾಯಕಾರಿ. ಸೊನ್ನೆಯಿಂದ ಮೊದಲಾಗುವ ಸಂಖ್ಯೆಯನ್ನು ಬ್ಯಾಶ್ ತನ್ನ ಅಂಕಗಣಿತದಲ್ಲಿ ಎಂಟರ ಆಧಾರದ ಸಂಖ್ಯೆಯೆಂದು ಗ್ರಹಿಸುತ್ತದೆ. ನೇಕಾರರೊಬ್ಬರು ಸೀರೆಗಳಿಗೆ 001, 002 ಎಂದು ಕ್ರಮಾಂಕ ಹಾಕಿ, ಒಂದೊಂದು ಕೂಡಿಸುವ ಸ್ಕ್ರಿಪ್ಟೊಂದನ್ನು ಬರೆದುಕೊಂಡರೆನ್ನೋಣ. 007ರವರೆಗೆ ಎಲ್ಲವೂ ಸುಗಮ. 008 ಬಂದೊಡನೆ, ಎಂಟರ ಗಣನೆಯಲ್ಲಿ ಎಂಟೆಂಬ ಅಂಕಿಯೇ ಇಲ್ಲವಾದ್ದರಿಂದ, ಶೆಲ್ ತಪ್ಪೆಂದು ಕೂಗಿ ನಿಲ್ಲುವುದು. ಕೂಗಿ ನಿಂತದ್ದು ಪುಣ್ಯ. ನೇರವಾಗಿ 010ನ್ನು ಕೊಟ್ಟಿದ್ದರೆ ಅದು ಮೌನವಾಗಿ ಎಂಟೆಂದು ಎಣಿಸಿ ಮುಂದೆ ಹೋಗುತ್ತಿತ್ತು. ಬೆಂಗಳೂರಿನ ದೂರವಾಣಿ ಸಂಕೇತವಾದ 080ಕ್ಕಾದರೋ 008ರ ಗತಿಯೇ. ತಿಂಗಳನ್ನು ಎರಡಂಕಿಗಳಲ್ಲಿ ಪಡೆದು ಗುಣಿಸುವ ಸ್ಕ್ರಿಪ್ಟುಗಳು ಜುಲೈವರೆಗೆ ಸಾಧುವಾಗಿದ್ದು, ಆಗಸ್ಟು ಸೆಪ್ಟೆಂಬರುಗಳಲ್ಲಿ ಕೆಟ್ಟು, ಅಕ್ಟೋಬರಿನಲ್ಲಿ ತಾವಾಗಿಯೇ ಗುಣಮುಖವಾಗುವ ವಿಚಿತ್ರ ವ್ಯಾಧಿಗೂ ಕಾರಣ ಈ ಸೊನ್ನೆಯೇ.

ಇಂತಹ ವಕ್ರತೆಗಳನ್ನು ಒಮ್ಮೆಗೇ ತಿದ್ದಿಬಿಡಬಾರದೇಕೆ ಎಂದು ಸಜ್ಜನ ಓದುಗರು ಕೇಳಬಹುದು. ತಿದ್ದಿದರೆ ಆ ವಕ್ರತೆಯನ್ನೇ ನಂಬಿ ಬರೆದ ಅಸಂಖ್ಯ ಸ್ಕ್ರಿಪ್ಟುಗಳು ಮುರಿಯುತ್ತವೆ. 1992ರಲ್ಲಿ ಪೋಸಿಕ್ಸ್ ಎಂಬ ಪ್ರಮಾಣಗ್ರಂಥವು ಶೆಲ್ಲಿನ ನಡವಳಿಕೆಯನ್ನು ನಿರೂಪಿಸ ಹೊರಟಾಗ, ಭಿನ್ನ ಭಿನ್ನ ಪಂಥಗಳು ಆ ವೇಳೆಗೇ ಬೇರೂರಿದ್ದವು. ತೆರೆಯ ಮೇಲೆ ಒಂದು ಸಾಲನ್ನು ಮೂಡಿಸುವ ‘ಎಕೊ’ ಆಜ್ಞೆಯನ್ನೇ ನೋಡಿ: ಹಿಮ್ಮುಖ ಓರೆಗೆರೆಯ ಸಂಕೇತಗಳನ್ನು ಒಂದು ಪಂಥ ಅರ್ಥೈಸುತ್ತದೆ, ಇನ್ನೊಂದು ಹಾಗೆಯೇ ಮುದ್ರಿಸುತ್ತದೆ. ಪ್ರಮಾಣಗ್ರಂಥವು ಈ ವ್ಯಾಜ್ಯವನ್ನು ತೀರ್ಮಾನಿಸಲಾರದೆ, ನಿಶ್ಚಿತ ಫಲ ಬೇಕಾದವರು ‘ಪ್ರಿಂಟ್‌ಎಫ್’ ಬಳಸುವುದು ಲೇಸೆಂದು ಸಲಹೆಯಿತ್ತು ಸುಮ್ಮನಾಯಿತು.

ಪ್ರಮಾಣ ಸ್ಥಿರವಾಗಿದ್ದರೂ ನೆಲ ಅಲುಗಾಡುವುದುಂಟು. ಲಿನಕ್ಸಿನಲ್ಲಿ ‘ಎಸ್‌ಎಚ್’ ಎಂದರೆ ಬ್ಯಾಶ್ ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. 2006ರಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆಯು ಆ ಸ್ಥಾನಕ್ಕೆ ಡ್ಯಾಶ್ ಎಂಬ ಚಿಕ್ಕ, ಚುರುಕಾದ ಶೆಲ್ಲನ್ನು ತಂದು ಕೂಡಿಸಿದಾಗ, ಬ್ಯಾಶಿನ ವಿಶೇಷ ಸೌಕರ್ಯಗಳನ್ನು ಅರಿಯದೆಯೇ ಬಳಸಿದ್ದ ಸ್ಕ್ರಿಪ್ಟುಗಳು ಒಂದೊಂದಾಗಿ ಮುಗ್ಗರಿಸಿದವು. ಆಪಲ್ ಸಂಸ್ಥೆಯು ಪರವಾನಗಿಯ ಷರತ್ತು ಬದಲಾದ ಬಳಿಕ ಬ್ಯಾಶಿನ 3.2ನೆಯ ಆವೃತ್ತಿಯಲ್ಲೇ ನಿಂತು, 2019ರಲ್ಲಿ ತನ್ನ ಯಂತ್ರಗಳ ರೂಢಿಯ ಶೆಲ್ಲಾಗಿ ಝಡ್ ಶೆಲ್ಲನ್ನು ಸ್ವೀಕರಿಸಿತು. ಉದ್ಧರಣ ಚಿಹ್ನೆಯಿಲ್ಲದ ಚರವನ್ನು ಆ ಶೆಲ್ ಸಾಮಾನ್ಯವಾಗಿ ತುಂಡರಿಸದು. ಒಂದೇ ಸಾಲು ಒಂದು ಮೇಜಿನ ಮೇಲೆ ನಿರುಪದ್ರವಿ, ಪಕ್ಕದ ಮೇಜಿನ ಮೇಲೆ ಘಾತಕ.

ಹಳೆಯದೆಂಬ ಮಾತ್ರಕ್ಕೆ ಪರೀಕ್ಷೆಗೊಳಗಾಗಿದೆ ಎಂದು ನಂಬುವುದೂ ಸಲ್ಲದು. 2014ರ ಸೆಪ್ಟೆಂಬರಿನಲ್ಲಿ ಸ್ಟೆಫಾನ್ ಶಾಜಲಾ ಎಂಬವರು ಬ್ಯಾಶಿನಲ್ಲಿ ಗುರುತಿಸಿದ ಶೆಲ್‌ಶಾಕ್ ಎಂಬ ನ್ಯೂನತೆ ಅದರಲ್ಲಿ 1989ರಿಂದಲೇ ಅಡಗಿತ್ತು. ಪರಿಸರದ ಚರಗಳ ಮೂಲಕ ಕಾರ್ಯಗಳ ವ್ಯಾಖ್ಯೆಯನ್ನು ಸಾಗಿಸುವ ಸೌಕರ್ಯವೊಂದು ಬ್ಯಾಶಿನಲ್ಲಿದ್ದು, ಆ ವ್ಯಾಖ್ಯೆ ಮುಗಿದ ಮೇಲೆ ಬಾಲದಂತೆ ಅಂಟಿಸಿದ ಆಜ್ಞೆಯನ್ನೂ ಅದು ನೆರವೇರಿಸಿಬಿಡುತ್ತಿತ್ತು. ಜಾಲತಾಣದ ಸರ್ವರುಗಳು ಹೊರಗಿನವರು ಕಳಿಸಿದ ಮಾತುಗಳನ್ನು ಅದೇ ಚರಗಳಲ್ಲಿ ತುಂಬಿ ಬ್ಯಾಶಿಗೆ ಒಪ್ಪಿಸುತ್ತಿದ್ದುದರಿಂದ, ದೂರದ ಅಪರಿಚಿತನ ಆಜ್ಞೆಗಳು ಬಾಗಿಲು ತಟ್ಟದೆ ಒಳಹೊಗುವಂತಾಯಿತು.

ಕನ್ನಡದಲ್ಲಿ ಕೆಲಸ ಮಾಡುವವರ ಪಾಲಿಗೆ ಈ ಕಷ್ಟಗಳ ಮೇಲೆ ಇನ್ನೊಂದು ಪದರವಿದೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡವು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ರೋಮನ್ ಅಕ್ಷರಗಳ ಸಂಕೇತಗಳನ್ನೇ ಹೊತ್ತಿರುತ್ತದೆ. ಅಲ್ಲಿ ‘ಚ’ಕಾರದ ಮೊದಲ ಸಂಕೇತ ಇಂಗ್ಲಿಷಿನ ದೊಡ್ಡ ‘ಝಡ್’, ‘ದ’ಕಾರದ್ದು ಚಿಕ್ಕ ‘ಝಡ್’. ಇಂಗ್ಲಿಷಿನ ದೊಡ್ಡಕ್ಷರಗಳನ್ನೆಲ್ಲ ಚಿಕ್ಕದಾಗಿಸುವ ‘ಟಿಆರ್’ ಆಜ್ಞೆಯನ್ನು ಇಂತಹ ಕಡತದ ಮೇಲೆ ಪ್ರಯೋಗಿಸಿದರೆ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣವು ತನ್ನ ಮೊದಲಕ್ಷರವನ್ನು ಕಳೆದುಕೊಂಡು ‘ದ’ಕಾರದಿಂದ ಆರಂಭವಾಗಿಬಿಡುವುದು. ಆಜ್ಞೆಯಲ್ಲಿ ತಪ್ಪಿಲ್ಲ, ಕಡತದಲ್ಲಿಯೂ ತಪ್ಪಿಲ್ಲ; ಎರಡರ ಒಪ್ಪಂದಗಳು ಬೇರೆಯಷ್ಟೆ.

ಯುನಿಕೋಡ್ ಬಂದು ಈ ಗೊಂದಲವನ್ನು ಬಹುಮಟ್ಟಿಗೆ ನೀಗಿಸಿತಾದರೂ ತನ್ನದೇ ಸೂಕ್ಷ್ಮಗಳನ್ನು ತಂದಿತು. ‘ದೊಡ್ಡಬಳ್ಳಾಪುರ’ ಎಂದು ಬರೆದು ಅದರ ಉದ್ದವನ್ನು ಕೇಳಿ. ಶಾಲೆಯ ಬಾಲಕನು ಆರು ಅಕ್ಷರಗಳೆನ್ನುವನು. ‘ಡಬ್ಲ್ಯುಸಿ’ ಆಜ್ಞೆಯಾದರೋ, ಭಾಷಾಪರಿಸರವನ್ನು ಸರಿಯಾಗಿ ಹೊಂದಿಸಿದ್ದರೆ, ಒತ್ತು ಕಾಗುಣಿತಗಳ ಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಎಣಿಸಿ ಹದಿಮೂರೆನ್ನುವುದು. ಬೈಟುಗಳನ್ನು ಕೇಳಿದರೆ ಮೂವತ್ತೊಂಬತ್ತು. ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಊಕಾರಗಳ ಎರಡು ಸಂಕೇತಗಳಾಗಿಯೂ ಬರೆಯಲು ಯುನಿಕೋಡಿನಲ್ಲಿ ಅವಕಾಶವಿದೆ. ಆಪಲ್ ಯಂತ್ರಗಳ ಹಳೆಯ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಕಣ್ಣಿಗೆ ಅಭಿನ್ನವಾದ ಈ ಎರಡು ರೂಪಗಳು ‘ಗ್ರೆಪ್’ ಎಂಬ ಹುಡುಕಾಟದ ಆಜ್ಞೆಗೆ ಬೇರೆ ಬೇರೆ ಊರುಗಳು.

ಅಕಾರಾದಿಯ ವಿಷಯವೂ ಹೀಗೆಯೇ. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರ ಕಟ್ಟಕಡೆಯದು, ಯುನಿಕೋಡಿನ ಸಂಕೇತಪಟ್ಟಿಯಲ್ಲಿ ಅದು ‘ಲ’ಕಾರದ ಮಗ್ಗುಲಲ್ಲಿದೆ. ಭಾಷಾಪರಿಸರವನ್ನು ಸೂಚಿಸದೆ ಬರಿಯ ಸಂಕೇತಗಳ ಕ್ರಮದಲ್ಲಿ ‘ಸಾರ್ಟ್’ ಮಾಡಿದರೆ ನಿಘಂಟಿನಲ್ಲಿ ಹಿಂದೆ ಬರತಕ್ಕ ‘ಹಳ್ಳಿ’ಯು ‘ಹಸು’ವಿಗಿಂತ ಮುಂದೆ ಬಂದು ನಿಲ್ಲುವುದು. ಹಗಲು ಟರ್ಮಿನಲ್ಲಿನಲ್ಲಿ ಸರಿಯಾಗಿ ನಡೆದ ಇಂತಹ ಸ್ಕ್ರಿಪ್ಟು, ರಾತ್ರಿ ಕ್ರಾನ್ ಎಂಬ ವೇಳಾಪಟ್ಟಿಯ ಮೂಲಕ ತಾನೇ ನಡೆಯುವಾಗ ಬೇರೆ ಕ್ರಮವನ್ನು ಕೊಡುವುದು ಅಪರೂಪವಲ್ಲ. ಅಲ್ಲಿ ಪರಿಸರದ ಚರಗಳು ಬೇರೆ.

ಹಾಗೆಂದು ಪ್ರಮಾಣವು ಕಲಿಯುವುದೇ ಇಲ್ಲವೆಂದಲ್ಲ. ಹಲವು ಆಜ್ಞೆಗಳನ್ನು ಕೊಳವೆಯಂತೆ ಜೋಡಿಸಿದಾಗ ಕಡೆಯದು ಗೆದ್ದರೆ ಎಲ್ಲವೂ ಗೆದ್ದಂತೆ ಎಂಬುದು ಶೆಲ್ಲಿನ ಹಳೆಯ ನ್ಯಾಯ. ನಡುವೆ ಮುರಿದದ್ದನ್ನೂ ವರದಿ ಮಾಡುವ ‘ಪೈಪ್‌ಫೇಲ್’ ಬ್ಯಾಶಿನಲ್ಲಿ ಬಹುಕಾಲದಿಂದ ಇದ್ದು, ಪೋಸಿಕ್ಸಿನ 2024ರ ಆವೃತ್ತಿಯಲ್ಲಿ ಪ್ರಮಾಣವಾಗಿ ಸೇರಿತು. ಮೊದಲು ಜನ ಬಳಸುತ್ತಾರೆ, ಕಾಲಾನಂತರ ಗ್ರಂಥ ಒಪ್ಪುತ್ತದೆ. ವ್ಯಾಕರಣಗಳ ಚರಿತ್ರೆಯಲ್ಲಿ ಇದು ಹೊಸತಲ್ಲ.

ಆದುದರಿಂದ ಸ್ಕ್ರಿಪ್ಟು ಬರೆಯುವವನು ತನ್ನ ಕಾಲದ ಒಪ್ಪಂದಗಳನ್ನು ಊಹೆಗೆ ಬಿಡದೆ ಬಾಯಿಬಿಟ್ಟು ಹೇಳುವುದೇ ವಿವೇಕ: ಯಾವ ಶೆಲ್ಲಿಗಾಗಿ ಬರೆದದ್ದೆಂದು ಮೊದಲ ಸಾಲಿನಲ್ಲೇ ನಮೂದಿಸಬೇಕು, ಚರಗಳನ್ನು ಉದ್ಧರಣ ಚಿಹ್ನೆಗಳೊಳಗೆ ಇರಿಸಬೇಕು, ಬರಿದಾದ ಚರ ಕಂಡರೆ ನಿಲ್ಲೆಂದು ಶೆಲ್ಲಿಗೆ ಮೊದಲೇ ವಿಧಿಸಬೇಕು, ‘ಶೆಲ್‌ಚೆಕ್’ನಂತಹ ಪರೀಕ್ಷಕಕ್ಕೆ ಬರೆದದ್ದನ್ನು ಒಮ್ಮೆ ತೋರಿಸಬೇಕು. ಕನ್ನಡಿಗನಿಗೆ ಇನ್ನೊಂದು ಹೊಣೆಯೂ ಉಂಟು. ಪರೀಕ್ಷೆಗೆಂದು ಇಂಗ್ಲಿಷಿನ ಸರಳ ಪದಗಳನ್ನು ಕೊಟ್ಟು ತೃಪ್ತನಾಗದೆ, ತನ್ನ ಊರು ಹೋಬಳಿಗಳ ಹೆಸರನ್ನೂ, ಒತ್ತಕ್ಷರಗಳನ್ನೂ, ‘ಳ’ಕಾರವನ್ನೂ ಕೊಟ್ಟು ನೋಡಬೇಕು, ಕೆಟ್ಟರೆ ಆ ತಂತ್ರಾಂಶವನ್ನು ಬರೆದವರಿಗೆ ತಿಳಿಸಬೇಕು. ಬಳಸುವವರ ಬೇಡಿಕೆಯಿಂದಲೇ ಪ್ರಮಾಣಗಳು ಬೆಳೆಯುವುದಾದರೆ, ಕೇಳದೆ ಕುಳಿತ ಭಾಷೆಗೆ ಅದರಲ್ಲಿ ಸ್ಥಾನ ದೊರೆಯುವುದು ಕಡೆಯಲ್ಲೇ.