ಕಾಯಿ ಚಟ್ನಿಗೆ ಬದಲಾಗಿ ಹೀರೆಕಾಯಿ ಚಟ್ನಿ

ದಕ್ಷಿಣ ಕರ್ನಾಟಕದ ಗೃಹಸ್ಥರ ಮನೆಗಳಲ್ಲಿ ದೋಸೆ, ಇಡ್ಡಲಿ, ರೊಟ್ಟಿ ಮೊದಲಾದುವುಗಳೊಡನೆ ಕಾಯಿ ಚಟ್ನಿಯನ್ನು ಬಡಿಸುವುದು ವಾಡಿಕೆಯಾಗಿರುವುದು ಸರ್ವವಿದಿತವಷ್ಟೆ. ಮನೆಯ ಹಿಂದೆ ನಾಲ್ಕು ತೆಂಗಿನ ಮರಗಳಿರುವವರು ಕಾಯಿಯ ಲೆಕ್ಕವನ್ನು ಇಡುವುದಿಲ್ಲ. ಆದರೆ ಕಾಯಿಯ ಫಸಲು ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿ ಬರತಕ್ಕುದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಯ ಪೀಡೆಯು ಬೇಗನೆ ಕರ್ನಾಟಕದ ತೋಟಗಳಿಗೂ ಹರಡಿ, ಕಾಯಿಗಳು ಕುಗ್ಗಿ ಸಣ್ಣವಾದುದನ್ನು ತೆಂಗು ಬೆಳೆಗಾರರು ಮರೆತಿರಲಾರರು. ಮಳೆ ತಪ್ಪಿದ ವರ್ಷದ ನಷ್ಟವೂ ಇದರ ಮೇಲಿನದು.

ದಿನಕ್ಕೆ ಅರ್ಧ ಕಾಯಿಯನ್ನು ಚಟ್ನಿಗೆ ಬಳಸುವ ಒಂದು ಮನೆಯಲ್ಲಿ, ವಾರಕ್ಕೆ ಮೂರು ದಿನಗಳು ಮಾತ್ರ ಕಾಯಿಯಿಲ್ಲದ ಚಟ್ನಿಯನ್ನು ಮಾಡಿದರೆ, ವರ್ಷಕ್ಕೆ 78 ಕಾಯಿಗಳು ಉಳಿಯುವುವು. ಮಳೆಯಾಶ್ರಯದ ಒಂದು ಮರದ ವರ್ಷದ ಫಲಕ್ಕೆ ಇದು ಬಹುಮಟ್ಟಿಗೆ ಸಮಾನವಾದುದು. ಇದು ಲಾಭದ ಒಂದು ಭಾಗ ಮಾತ್ರ. ಇನ್ನೊಂದು ಭಾಗವು ದೇಹಾರೋಗ್ಯಕ್ಕೆ ಸಂಬಂಧಿಸಿದುದು.

ಜಿಡ್ಡಿನ ಲೆಕ್ಕ

ಹಸಿ ತೆಂಗಿನ ತುರಿಯ ತೂಕದಲ್ಲಿ ಮೂರನೆಯ ಒಂದು ಭಾಗ, ಕೆಲವು ಕಾಯಿಗಳಲ್ಲಿ ಅದಕ್ಕೂ ಹೆಚ್ಚು, ಜಿಡ್ಡೇ ಆಗಿರುತ್ತದೆ. ಆ ಜಿಡ್ಡಿನಲ್ಲಿ 10ಕ್ಕೆ ಸುಮಾರು 9 ಪಾಲು ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸತಕ್ಕ ಪರ್ಯಾಪ್ತ ಜಾತಿಯದು. ಹೀರೆಕಾಯಿಯಲ್ಲಾದರೋ 100ಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರು. ಜಿಡ್ಡು ಇಲ್ಲವೆನ್ನುವಷ್ಟು ಅಲ್ಪ. ಅದರ ಸಿಪ್ಪೆಯಲ್ಲಿ ನಾರಿನ ಅಂಶವು ಚೆನ್ನಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ ದಿನಕ್ಕೆ 400 ಗ್ರಾಂ ತರಕಾರಿಯನ್ನೂ 100 ಗ್ರಾಂ ಹಣ್ಣನ್ನೂ ಸೇವಿಸಬೇಕೆಂದು ಹೇಳಿದೆ. ಅನ್ನವೇ ಪ್ರಧಾನವಾದ ಊಟದಲ್ಲಿ ಇಷ್ಟು ತರಕಾರಿಯನ್ನು ಸೇರಿಸಲು ಚಟ್ನಿಯು ಒಂದು ಸುಲಭವಾದ ದಾರಿಯು.

ಮಾಡುವ ವಿಧಾನ

ಎಳೆಯ ಹೀರೆಕಾಯಿ 500 ಗ್ರಾಂ, ಹುರಿಗಡಲೆ 20 ಗ್ರಾಂ, ಬಿಳಿ ಎಳ್ಳು 10 ಗ್ರಾಂ, ಎಣ್ಣೆ 10 ಗ್ರಾಂ, ಹಸಿಮೆಣಸಿನಕಾಯಿ ನಾಲ್ಕೈದು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಇಂಗು, ಕರಿಬೇವು, ಸಾಸಿವೆ, ಉಪ್ಪು, ಇವಿಷ್ಟು ಬೇಕಾದ ಸಾಮಾನುಗಳು. ಕಾಯಿಯ ರುಚಿಯನ್ನು ಬಿಡಲಾರದವರು 25 ಗ್ರಾಂ ತುರಿಯನ್ನು ಸೇರಿಸಬಹುದು.

ಮೊದಲು ಕಾಯನ್ನು ತೊಳೆದು, ತುದಿಯ ಒಂದು ಚೂರನ್ನು ನಾಲಗೆಯ ಮೇಲಿಟ್ಟು ನೋಡಬೇಕು. ಕಹಿಯಿದ್ದಲ್ಲಿ ಆ ಕಾಯನ್ನು ಬಿಸಾಡತಕ್ಕುದು. ಬೇಯಿಸಿದ ಮಾತ್ರಕ್ಕೆ ಅದು ನಿರಪಾಯವಾಗುವುದೆಂದು ನಂಬತಕ್ಕುದಲ್ಲ. ಇದೇ ಕುಟುಂಬಕ್ಕೆ ಸೇರಿದ ಸೋರೆಕಾಯಿಯ ಕಹಿರಸವನ್ನು ಕುಡಿದು ಪ್ರಾಣಾಪಾಯವಾದ ಪ್ರಸಂಗಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞ ಸಮಿತಿಯು ವಿಚಾರಣೆ ಮಾಡಿದ್ದು, ಅದರ ವರದಿಯು 2012ರಲ್ಲಿ ಪ್ರಕಟವಾಗಿದೆ. ಕಹಿಯಾದ ಕಾಯನ್ನು ತಿನ್ನಬಾರದೆಂಬುದೇ ಅದರ ಮುಖ್ಯವಾದ ಎಚ್ಚರಿಕೆಯು.

ಬಳಿಕ ಕಾಯಿಯ ಏಣುಗಳ ಗಡುಸಾದ ಅಂಚನ್ನು ಮಾತ್ರ ಹೆರೆದು, ಉಳಿದ ಸಿಪ್ಪೆಯೊಡನೆಯೇ ಹೋಳುಗಳನ್ನಾಗಿ ಮಾಡಬೇಕು. ಎಳ್ಳನ್ನು ಎಣ್ಣೆಯಿಲ್ಲದೆ ಹುರಿದು ತೆಗೆದಿಡುವುದು. ಅರ್ಧ ಎಣ್ಣೆಯಲ್ಲಿ ಮೆಣಸಿನಕಾಯಿಯನ್ನು ಬಾಡಿಸಿ, ಹೋಳುಗಳನ್ನು ಹಾಕಿ, ಪಾತ್ರೆಯನ್ನು ಮುಚ್ಚದೆ ಹುರಿಯಬೇಕು. ಮುಚ್ಚಿದರೆ ನೀರು ಒಳಗೇ ನಿಂತು ಚಟ್ನಿಯು ತೆಳ್ಳಗಾಗಿ ಸಪ್ಪೆಯಾಗುತ್ತದೆ. ನೀರೆಲ್ಲಾ ಇಂಗಿದ ಮೇಲೆ ಹುಣಸೆಹಣ್ಣನ್ನು ಸೇರಿಸಿ ಇಳಿಸಿ ಆರಿಸುವುದು. ಹುರಿಗಡಲೆ ಮತ್ತು ಎಳ್ಳನ್ನು ಮೊದಲು ಪುಡಿಮಾಡಿಕೊಂಡು, ಅನಂತರ ಹೋಳುಗಳನ್ನೂ, ತುರಿಯನ್ನು ಸೇರಿಸುವುದಾದರೆ ಅದನ್ನೂ ಹಾಕಿ ತರಿತರಿಯಾಗಿ ರುಬ್ಬಬೇಕು. ಕಾಯಿಯಿಂದ ಬರುವ ಮಂದತೆಯನ್ನು ಇಲ್ಲಿ ಹುರಿಗಡಲೆಯು ಕೊಡುತ್ತದೆ. ಉಪ್ಪನ್ನು ಕೊನೆಯಲ್ಲಿ ಹಿತಮಿತವಾಗಿ ಹಾಕಿ, ಉಳಿದ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ಕೊಡುವುದು. ಇದನ್ನು ಅಂದಂದೇ ಮುಗಿಸುವುದು ಉತ್ತಮ.

150 ಗ್ರಾಂ ತುರಿಯಿಂದ ಮಾಡಿದ ಚಟ್ನಿಯಲ್ಲಿ ಒಗ್ಗರಣೆಯನ್ನು ಬಿಟ್ಟು 50 ಗ್ರಾಮಿಗೆ ಕಡಮೆಯಿಲ್ಲದಷ್ಟು ಜಿಡ್ಡಿದ್ದರೆ, ಮೇಲ್ಕಂಡ ಚಟ್ನಿಯಲ್ಲಿ ತುರಿಯೂ ಒಗ್ಗರಣೆಯೂ ಸೇರಿ ಸುಮಾರು 25 ಗ್ರಾಂ, ತುರಿಯನ್ನು ಬಿಟ್ಟರೆ ಸುಮಾರು 16 ಗ್ರಾಂ ಮಾತ್ರವೇ ಆಗುವುದು. ಕಾಯಿಗೆ ಬದಲಾಗಿ ಕಡಲೆಕಾಯಿ ಬೀಜವನ್ನು ಯಥೇಚ್ಛವಾಗಿ ಹಾಕುವುದರಿಂದ ಮಾತ್ರ ಈ ಉದ್ದೇಶವು ನೆರವೇರದು. ಅದರ ತೂಕದಲ್ಲಿ ಹೆಚ್ಚು ಕಡಮೆ ಅರ್ಧ ಪಾಲು ಎಣ್ಣೆಯೇ ಇರುತ್ತದೆ. ಹೀರೆಕಾಯಿ ಸಿಕ್ಕದ ಕಾಲದಲ್ಲಿ ಸೀಮೆಬದನೆ, ಎಲೆಕೋಸು, ಕೆಂಡದಲ್ಲಿ ಸುಟ್ಟ ಬದನೆಕಾಯಿ ಇವುಗಳನ್ನೂ ಇದೇ ರೀತಿ ಉಪಯೋಗಿಸಬಹುದು.

ಬೆಳೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಸಿಪ್ಪೆಯನ್ನೂ ತಿನ್ನುವುದರಿಂದ ಬೆಳೆಯ ಮೇಲೆ ಎರಚುವ ಔಷಧದ ವಿಚಾರದಲ್ಲಿ ಹೆಚ್ಚಿನ ಜಾಗರೂಕತೆಯು ಅವಶ್ಯಕ. ಸಂತೆಗೆ ಕಾಯನ್ನು ಕಳುಹಿಸುವ ಜಮೀನುದಾರರು ಔಷಧದ ಡಬ್ಬಿಯ ಮೇಲೆ ಸೂಚಿಸಿರುವ ದಿನಗಳು ಕಳೆಯುವ ಮುನ್ನ ಕೊಯ್ಯಬಾರದು. ಹಣ್ಣುನೊಣವು ಎಳೆಗಾಯಿಯಲ್ಲಿ ಮೊಟ್ಟೆಯಿಡುವುದರಿಂದ, ಹುಳು ಬಿದ್ದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳುವುದೂ, ಗಂಡು ನೊಣಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಕಟ್ಟುವುದೂ ಔಷಧದ ಖರ್ಚನ್ನು ತಗ್ಗಿಸುವುವು. ಮನೆಯ ಬಳಕೆಗಾದರೆ ಹಿತ್ತಿಲಿನ ಚಪ್ಪರದ ಮೇಲೆ ನಾಲ್ಕಾರು ಬಳ್ಳಿಗಳನ್ನು ಹಬ್ಬಿಸಿದರೆ ಸಾಕು. ಬಿತ್ತಿದ ಒಂದೂವರೆ ಎರಡು ತಿಂಗಳಿನಲ್ಲಿ ಕಾಯಿ ಬರತೊಡಗುತ್ತದೆ. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಅರ್ಕಾ ಸುಮೀತ್, ಅರ್ಕಾ ಸುಜಾತ್ ಎಂಬ ತಳಿಗಳನ್ನು ಸಿದ್ಧಪಡಿಸಿದೆ. ಕಾಯಿ ಬಲಿತು ನಾರಾಗುವ ಮುನ್ನ ಮೂರು ನಾಲ್ಕು ದಿನಗಳಿಗೊಮ್ಮೆ ಕೊಯ್ಯಬೇಕು.

ಯಾರಿಗೆ ಯೋಗ್ಯ, ಯಾರಿಗೆ ಅಲ್ಲ

ಇದರಿಂದ ತೆಂಗು ತ್ಯಾಜ್ಯವೆಂದು ಯಾರೂ ಭಾವಿಸಬೇಕಾದುದಿಲ್ಲ. ಬೆಳೆಯುವ ಮಕ್ಕಳಿಗೂ, ಗರ್ಭಿಣಿಯರಿಗೂ, ಬಾಣಂತಿಯರಿಗೂ, ದಿನವೆಲ್ಲಾ ಹೊಲದಲ್ಲಿ ದುಡಿಯುವ ಆಳುಗಳಿಗೂ ಜಿಡ್ಡು ಶಕ್ತಿಯ ಮೂಲವಾಗಿದೆ. ಸೊಪ್ಪು ತರಕಾರಿಗಳಲ್ಲಿರುವ, ಕಣ್ಣಿಗೆ ಹಿತವಾದ ಸತ್ತ್ವವು ಮೈಗೆ ಹತ್ತಬೇಕಾದರೂ ಸ್ವಲ್ಪ ಜಿಡ್ಡು ಬೇಕೇ ಬೇಕು. ಮನೆಯ ಯಜಮಾನನ ಮಿತವ್ಯಯವು ಆಳಿನ ಎಲೆಯಿಂದ ಕಾಯಿಯನ್ನು ತೆಗೆಯುವಷ್ಟಕ್ಕೆ ನಿಂತರೆ ಅದು ಮಿತವ್ಯಯವಲ್ಲ, ಅನ್ಯಾಯ. ಗದ್ದೆಯ ಬದುವಿನ ಮೇಲೆ ನಡೆಯುವುದನ್ನು ಬಿಟ್ಟು ವಾಹನದಲ್ಲಿ ಓಡಾಡುವವರಿಗೆ, ನಡುವಯಸ್ಸು ಮೀರಿದವರಿಗೆ, ಹೃದ್ರೋಗಕ್ಕಾಗಿ ಜಿಡ್ಡನ್ನು ಕಡಮೆಮಾಡಲು ವೈದ್ಯರಿಂದ ಸೂಚನೆ ಪಡೆದವರಿಗೆ ಈ ಚಟ್ನಿಯು ವಿಶೇಷವಾಗಿ ಯೋಗ್ಯವಾದುದು.

ಗ್ರಾಮದ ಮುಖಂಡರು ಈ ಪದ್ಧತಿಯನ್ನು ಮೊದಲು ತಮ್ಮ ಮನೆಗಳಲ್ಲಿ ಆಚರಣೆಗೆ ತಂದು, ಕಹಿಗಾಯಿಯ ವಿಷಯದ ಎಚ್ಚರಿಕೆಯನ್ನೂ ಔಷಧದ ವಿಷಯದ ಎಚ್ಚರಿಕೆಯನ್ನೂ ನೆರೆಹೊರೆಯವರಿಗೆ ತಿಳಿಯಪಡಿಸಿದರೆ, ತಿಪ್ಪೆಗೆ ಹೋಗುತ್ತಿದ್ದ ಸಿಪ್ಪೆಯು ಎಲೆಗೆ ಬಂದು, ಎಲೆಯಲ್ಲಿ ಹೆಚ್ಚಾಗುತ್ತಿದ್ದ ಕಾಯಿಯು ಸಂತೆಗೆ ಹೋಗುವುದರಲ್ಲಿ ಸಂದೇಹವಿಲ್ಲ.