ಇಂಗ್ಲಿಷಿನ ಪ್ರಾಣಿಮೂಲ ನುಡಿಗಟ್ಟುಗಳು: ಅರ್ಥ ಮತ್ತು ಅನುವಾದ

ನುಡಿಗಟ್ಟುಗಳಲ್ಲಿ ಪದಗಳ ವಾಚ್ಯಾರ್ಥಕ್ಕಿಂತ ಬಳಕೆಯಿಂದ ನೆಲೆಗೊಂಡ ಅರ್ಥವೇ ಪ್ರಧಾನವಾದುದು. ನಮ್ಮ ಆಲಂಕಾರಿಕರು ಇದನ್ನು ರೂಢಿಲಕ್ಷಣೆ ಎಂದು ಗುರುತಿಸಿದ್ದಾರೆ. ಪ್ರಾಣಿಗಳ ಹೆಸರನ್ನೊಳಗೊಂಡ ಇಂಗ್ಲಿಷ್ ನುಡಿಗಟ್ಟುಗಳು ಪತ್ರಿಕೆ, ಪಠ್ಯಪುಸ್ತಕ ಹಾಗೂ ಕಚೇರಿಯ ವ್ಯವಹಾರಗಳ ಮೂಲಕ ಕನ್ನಡಕ್ಕೆ ನಿತ್ಯವೂ ಬರುತ್ತಿವೆ. ಮುಂಬಯಿ, ದೆಹಲಿ, ಚೆನ್ನೈಗಳಂಥ ನಗರಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳು ಎಷ್ಟೋ ಸಲ ಕನ್ನಡದ ನುಡಿಗಟ್ಟಿಗಿಂತ ಮೊದಲೇ ಇಂಗ್ಲಿಷಿನದನ್ನು ಕಲಿಯುತ್ತಾರೆ. ಆದುದರಿಂದ ಇವುಗಳ ಅರ್ಥ ಹುಟ್ಟಿದ ಬಗೆಯನ್ನು ಕುರಿತ ವಿಚಾರವು ಕೇವಲ ಕುತೂಹಲದ ವಿಷಯವಲ್ಲ. ನುಡಿಗಟ್ಟಿನಲ್ಲಿರುವ ಪ್ರಾಣಿಯ ಹೆಸರನ್ನು ಕನ್ನಡಿಸಿದ ಮಾತ್ರಕ್ಕೆ ಅರ್ಥವು ಕೈಗೆ ಸಿಕ್ಕುವುದಿಲ್ಲ. ಆ ಪ್ರಾಣಿಯೊಡನೆ ಆ ಜನರಿಗಿದ್ದ ವ್ಯವಹಾರವನ್ನೂ ಅದರ ವಿಷಯದಲ್ಲಿ ಅವರಿಗಿದ್ದ ನಂಬಿಕೆಯನ್ನೂ ಅರಿಯಬೇಕು ಎಂಬುದೇ ನಾವಿಲ್ಲಿ ಹೇಳಹೊರಟಿರುವ ಮಾತು.

ಮೊದಲಿಗೆ ವ್ಯವಹಾರದಿಂದ ಹುಟ್ಟಿದವುಗಳನ್ನು ನೋಡೋಣ. ಕುದುರೆಯನ್ನು ಕೊಳ್ಳುವವನು ಅದರ ಬಾಯಿ ತೆರೆಸಿ ಹಲ್ಲುಗಳನ್ನು ಪರೀಕ್ಷಿಸುತ್ತಾನೆ. ಹಲ್ಲಿನ ಸವೆತದಿಂದ ಅದರ ವಯಸ್ಸು ತಿಳಿಯುತ್ತದೆ. ದಾನವಾಗಿ ಬಂದ ಕುದುರೆಯ ಬಾಯಿಯನ್ನು ನೋಡಬಾರದು ಎಂಬ ಗಾದೆಯ ಮೂಲ ಇದೇ. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಕೃತಿಯಲ್ಲಿ ಇದು ದೊರೆಯುತ್ತದೆ. ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಂತ ಜೆರೋಮನು ಲ್ಯಾಟಿನ್ನಿನಲ್ಲಿ ಇದನ್ನು ಬಳಸಿದ್ದನು. ವಯಸ್ಸಾದವರನ್ನು ಕುರಿತು 'ಲಾಂಗ್ ಇನ್ ದ ಟೂತ್' ಎನ್ನುವುದೂ ಇದೇ ಪರೀಕ್ಷೆಯಿಂದ ಬಂದುದು. ವಯಸ್ಸಾದಂತೆ ಕುದುರೆಯ ಹಲ್ಲುಗಳು ಉದ್ದವಾಗಿ ತೋರುತ್ತವೆ. ಕನ್ನಡದಲ್ಲಿ ಮೊದಲನೆಯ ಅರ್ಥವನ್ನೇ 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ' ಎಂಬ ಗಾದೆ ಹೇಳುತ್ತದೆ. ಕುದುರೆಯ ಜಾಗದಲ್ಲಿ ಬಟ್ಟೆಯೂ ಹಲ್ಲಿನ ಜಾಗದಲ್ಲಿ ಮೊಳವೂ ಬಂದಿವೆ. ಆದರೆ ಉಚಿತವಾಗಿ ಬಂದುದನ್ನು ಅಳೆದು ನೋಡುವ ಸಣ್ಣತನ ಎರಡರಲ್ಲಿಯೂ ಒಂದೇ.

ಕುದುರೆಗೇ ಸಂಬಂಧಿಸಿದ 'ಡಾರ್ಕ್ ಹಾರ್ಸ್' ಪಂದ್ಯದ ಮೈದಾನದಿಂದ ಬಂದುದು. ಬೆಂಜಮಿನ್ ಡಿಸ್ರೇಲಿ 1831ರ ತನ್ನ 'ದ ಯಂಗ್ ಡ್ಯೂಕ್' ಕಾದಂಬರಿಯಲ್ಲಿ, ಯಾರ ಗಣನೆಗೂ ಬಾರದಿದ್ದ ಇಂಥ ಕುದುರೆಯೊಂದು ಮುನ್ನುಗ್ಗಿ ಗೆಲ್ಲುವುದನ್ನು ವರ್ಣಿಸಿದ್ದಾನೆ. 1844ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆಗೆ ಅನಿರೀಕ್ಷಿತವಾಗಿ ಅಭ್ಯರ್ಥಿಯಾಗಿ ಗೆದ್ದ ಜೇಮ್ಸ್ ಪೋಕ್ ಇಂಥವರಿಗೆ ಪ್ರಸಿದ್ಧ ನಿದರ್ಶನ. ಇಲ್ಲಿ 'ಡಾರ್ಕ್' ಎಂಬುದು ಬಣ್ಣವನ್ನಲ್ಲ, ಅಜ್ಞಾತತೆಯನ್ನು ಹೇಳುತ್ತದೆ. ನಮ್ಮ ಪತ್ರಿಕೆಗಳ 'ಕಪ್ಪು ಕುದುರೆ'ಯಲ್ಲಿ ಬಣ್ಣ ಉಳಿದು ಅಜ್ಞಾತತೆ ಮರೆಯಾಗಿದೆ.

'ರೆಡ್ ಹೆರಿಂಗ್' ಇನ್ನೂ ತೊಡಕಿನದು. ಹೆರಿಂಗ್ ಎಂಬ ಮೀನನ್ನು ಉಪ್ಪು ಹಾಕಿ ಹೊಗೆಯಲ್ಲಿಟ್ಟಾಗ ಅದು ಕೆಂಪಗಾಗುತ್ತದೆ, ಕಟುವಾದ ವಾಸನೆಯನ್ನೂ ಪಡೆಯುತ್ತದೆ. ಬೇಟೆನಾಯಿಗಳು ಮೊಲದ ಜಾಡನ್ನು ಬಿಟ್ಟುಹೋಗುವಂತೆ ತಾನು ಬಾಲ್ಯದಲ್ಲಿ ಇಂಥ ಮೀನನ್ನು ಬಳಸಿದ್ದೆನೆಂದು ವಿಲಿಯಂ ಕಾಬೆಟ್ 1807ರಲ್ಲಿ ತನ್ನ ಪತ್ರಿಕೆಯಲ್ಲಿ ಬರೆದನು. ನೆಪೋಲಿಯನ್ ಸೋತನೆಂಬ ಸುಳ್ಳುಸುದ್ದಿಗೆ ಮರುಳಾಗಿ ದೇಶದೊಳಗಿನ ಮುಖ್ಯ ಪ್ರಶ್ನೆಗಳನ್ನು ಮರೆತ ಪತ್ರಿಕೆಗಳನ್ನು ಹಳಿಯುವುದು ಆತನ ಉದ್ದೇಶವಾಗಿತ್ತು. ವಿಚಾರದ ದಿಕ್ಕನ್ನು ತಪ್ಪಿಸುವ ಅಂಶ ಎಂಬ ಇಂದಿನ ಅರ್ಥವು ಬಳಕೆಗೆ ಬರಲು ಈ ಬರಹ ಮುಖ್ಯ ಕಾರಣವಾಯಿತು. ಇದನ್ನು 'ಕೆಂಪು ಮೀನು' ಎಂದರೆ ಕನ್ನಡ ಓದುಗನಿಗೆ ಏನೂ ಹೊಳೆಯದು; 'ಜಾಡು ತಪ್ಪಿಸುವ ಸುಳಿವು' ಎಂದರೆ ಬೇಟೆಯ ಚಿತ್ರವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ.

ಎರಡನೆಯ ಬಗೆಯವು ನಂಬಿಕೆಯಿಂದ ಹುಟ್ಟಿದವು. ಮೊಸಳೆಯು ಮನುಷ್ಯನನ್ನು ತಿನ್ನುವಾಗ ಅಳುತ್ತದೆ ಎಂಬ ಮಾತನ್ನು ಇಂಗ್ಲಿಷ್ ಓದುಗರಲ್ಲಿ ಹಬ್ಬಿಸಿದ್ದು, ಜಾನ್ ಮ್ಯಾಂಡೆವಿಲ್‌ನ ಹೆಸರಿನಲ್ಲಿ ಪ್ರಚಲಿತವಾದ ಹದಿನಾಲ್ಕನೆಯ ಶತಮಾನದ ಪ್ರವಾಸಗ್ರಂಥ. ಷೇಕ್ಸ್‌ಪಿಯರನ 'ಒಥೆಲೊ' ನಾಟಕದಲ್ಲಿಯೂ ಇದರ ಪ್ರಸ್ತಾಪವಿದೆ. 'ಮೊಸಳೆ ಕಣ್ಣೀರು' ಇಂದು ಅಚ್ಚಗನ್ನಡದ ಮಾತೆಂಬಷ್ಟು ಸಹಜವಾಗಿದೆ. ಗೆಳೆಯನಾದ ಕೋತಿಗೆ ವಂಚಿಸಹೊರಟ ಪಂಚತಂತ್ರದ ಮೊಸಳೆಯ ಪರಿಚಯ ನಮ್ಮಲ್ಲಿ ಮೊದಲೇ ಇದ್ದುದರಿಂದ ಇದಕ್ಕೆ ನೆಲ ಹದವಾಗಿತ್ತೆಂದು ನಾವು ಭಾವಿಸುತ್ತೇವೆ.

'ಸ್ವಾನ್ ಸಾಂಗ್' ಎಂಬುದರ ಕಥೆ ಬೇರೆ. ಸಾಯುವ ಮುನ್ನ ಹಂಸವು ಹಿಂದೆಂದಿಗಿಂತ ಇಂಪಾಗಿ ಹಾಡುತ್ತದೆ ಎಂಬುದು ಗ್ರೀಕರ ನಂಬಿಕೆ. ಪ್ಲೇಟೋವಿನ 'ಫೀಡೋ' ಸಂವಾದದಲ್ಲಿ ಸಾಕ್ರಟೀಸನು ಇದನ್ನು ಪ್ರಸ್ತಾಪಿಸುತ್ತಾನೆ. ನಮ್ಮ ಕವಿಸಮಯದ ಹಂಸವಾದರೋ ಹಾಲನ್ನೂ ನೀರನ್ನೂ ಬೇರ್ಪಡಿಸುವ, ಮಂದಗಮನಕ್ಕೆ ಹೆಸರಾದ, ಮಾನಸಸರೋವರಕ್ಕೆ ಪಯಣಿಸುವ ಪಕ್ಷಿ. ಹೀಗಿದ್ದೂ ಕಲಾವಿದನ ಕೊನೆಯ ಕೃತಿಗೆ 'ಹಂಸಗೀತೆ' ಎನ್ನುವುದು ಕನ್ನಡದಲ್ಲಿ ನೆಲೆಯೂರಿದೆ. ತ.ರಾ.ಸು. ಅವರ ಕಾದಂಬರಿ ಮತ್ತು ಅದನ್ನಾಧರಿಸಿ ಜಿ.ವಿ. ಅಯ್ಯರ್ ಅವರು ನಿರ್ದೇಶಿಸಿದ 1975ರ ಚಲನಚಿತ್ರ ಈ ಹೆಸರನ್ನು ಮನೆಮಾತಾಗಿಸಿದವು. ಪರಭಾಷೆಯ ನಂಬಿಕೆಯೊಂದು ನಮ್ಮದೇ ಪಕ್ಷಿಗೆ ಹೊಸ ಅರ್ಥವನ್ನು ಕೂಡಿಸಿದ ಸಫಲ ನಿದರ್ಶನವಿದು.

ಎಲ್ಲ ಪ್ರಯೋಗಗಳೂ ಇಷ್ಟು ಸಫಲವಾಗಿಲ್ಲ. 'ಸ್ಕೇಪ್‌ಗೋಟ್' ಎಂಬುದು ವಿಲಿಯಂ ಟಿಂಡೇಲ್ 1530ರ ಬೈಬಲ್ ಅನುವಾದದಲ್ಲಿ ರಚಿಸಿದ ಪದ. ಬೈಬಲ್ಲಿನ ಯಾಜಕಕಾಂಡದಲ್ಲಿ ಎರಡು ಹೋತಗಳ ವಿಧಿಯಿದೆ: ಒಂದನ್ನು ಬಲಿಕೊಡಲಾಗುತ್ತದೆ, ಮತ್ತೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೊರಿಸಿ ಅದನ್ನು ಜೀವಸಹಿತ ಅರಣ್ಯಕ್ಕೆ ಅಟ್ಟಲಾಗುತ್ತದೆ. 'ಸ್ಕೇಪ್‌ಗೋಟ್' ಈ ಎರಡನೆಯದು. ಕನ್ನಡದಲ್ಲಿ ಇದಕ್ಕೆ 'ಬಲಿಪಶು' ಎನ್ನುವುದು ರೂಢಿ. ಅರ್ಥಾತ್, ಮೊದಲನೆಯ ಹೋತದ ಹೆಸರನ್ನು ಎರಡನೆಯದಕ್ಕೆ ಇಟ್ಟಿದ್ದೇವೆ. ಇದರ ಪರಿಣಾಮ ಅಲ್ಪವಲ್ಲ. ಅನ್ಯಾಯಕ್ಕೆ ತುತ್ತಾದವನೂ ಬಲಿಪಶು, ಅನ್ಯರ ತಪ್ಪನ್ನು ತಲೆಯ ಮೇಲೆ ಹೊತ್ತವನೂ ಬಲಿಪಶು. ವಿಚಾರಣಾ ವರದಿಯೊಂದನ್ನು ಕನ್ನಡಿಸುವಾಗ ಒಬ್ಬ ಕೆಳಹಂತದ ನೌಕರನು ಕೇವಲ ನೊಂದವನೋ, ಮೇಲಿನವರ ಅಪರಾಧವನ್ನು ಹೊರಬೇಕಾಗಿ ಬಂದವನೋ ಎಂಬ ಭೇದ ಅಳಿಸಿಹೋದರೆ, ಮೇಲಿನವರ ಹೊಣೆಯೂ ಅದರೊಡನೆ ಅಳಿಸಿಹೋಗುತ್ತದೆ. ಈ ಭೇದವನ್ನು ಕಾಯುವ ಮಾತು ಕನ್ನಡದಲ್ಲಿ ಇಲ್ಲದಿಲ್ಲ: ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ನಾವು 'ಗೂಬೆ ಕೂರಿಸುವುದು' ಎನ್ನುತ್ತೇವೆ. ಹೋತದ ಕೆಲಸವನ್ನು ಇಲ್ಲಿ ಗೂಬೆ ಮಾಡುತ್ತದೆ. ಅಥೀನಾ ದೇವತೆಯ ಪಕ್ಷಿಯಾಗಿ ಯುರೋಪಿನಲ್ಲಿ ವಿವೇಕದ ಸಂಕೇತವಾದ ಗೂಬೆ ನಮ್ಮಲ್ಲಿ ಅಪಶಕುನದ ಪಕ್ಷಿ ಎಂಬುದನ್ನೂ ಇಲ್ಲಿ ನೆನೆಯಬೇಕು.

'ಸಿಂಹಪಾಲು' ಮತ್ತೊಂದು ನಿದರ್ಶನ. ಈಸೋಪನ ಕಥಾಪರಂಪರೆಯಲ್ಲಿ ಸಿಂಹವು ಜೊತೆಗಾರರಿಗೆ ಏನನ್ನೂ ಉಳಿಸದೆ ಬೇಟೆಯೆಲ್ಲವನ್ನೂ ತಾನೇ ತೆಗೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿಯೇ ಅದು 'ಹೆಚ್ಚಿನ ಪಾಲು' ಎಂದು ಮೆದುವಾಯಿತು. ಕನ್ನಡಕ್ಕೆ ಬಂದುದು ಆ ಮೆದು ಅರ್ಥವೇ.

ಈ ವಿವೇಚನೆಯಿಂದ ಅನುವಾದಕನ ಮುಂದೆ ಮೂರು ಮಾರ್ಗಗಳಿರುವುದು ಸ್ಪಷ್ಟವಾಗುತ್ತದೆ. ಚಿತ್ರವು ತಾನಾಗಿಯೇ ಅರ್ಥವನ್ನು ಕೊಡುವಲ್ಲಿ, 'ಮೊಸಳೆ ಕಣ್ಣೀರಿ'ನಂತೆ, ಅದನ್ನು ಹಾಗೆಯೇ ತರಬಹುದು. ಕನ್ನಡದ್ದೇ ನುಡಿಗಟ್ಟು ಇರುವಲ್ಲಿ ಅದನ್ನೇ ಬಳಸುವುದು ಲೇಸು. ಹಂದಿಗಳ ಮುಂದೆ ಮುತ್ತು ಚೆಲ್ಲುವ ಬೈಬಲ್ಲಿನ ಮಾತಿಗೆ 'ಕೋಣನ ಮುಂದೆ ಕಿನ್ನರಿ ಬಾರಿಸುವುದು' ಸರಿಸಮನಾಗಿ ನಿಲ್ಲುತ್ತದೆ. ಇವೆರಡೂ ಸಾಧ್ಯವಾಗದಿದ್ದರೆ ಅರ್ಥವನ್ನು ಬಿಡಿಸಿ ಹೇಳಬೇಕು. ಹೊರನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಎರಡನೆಯ ಮಾರ್ಗವು ಹೆಚ್ಚು ಮುಖ್ಯವೆನಿಸುತ್ತದೆ. ದಟ್ಟಿಗೆ ಮೊಳ ಹಾಕಿದವಳನ್ನೂ ಕಿನ್ನರಿ ಕೇಳದ ಕೋಣವನ್ನೂ ಅರಿಯದ ವಿದ್ಯಾರ್ಥಿಗೆ ಪದಾನುವಾದವೊಂದೇ ಗತಿಯಾಗುತ್ತದೆ. ಆದುದರಿಂದ ತರಗತಿಯಲ್ಲಿ ಇಂಗ್ಲಿಷಿನ ಒಂದು ನುಡಿಗಟ್ಟನ್ನು ವಿವರಿಸಿದಾಗಲೆಲ್ಲ ಅದರ ಪಕ್ಕದಲ್ಲಿ ಕನ್ನಡದ ಒಂದನ್ನು ಇಟ್ಟು ತೂಗಿ ನೋಡುವುದನ್ನು ಅಭ್ಯಾಸ ಮಾಡಿಸಬೇಕೆಂದು ನಾವು ಸೂಚಿಸುತ್ತೇವೆ.